ಕ್ಲಸ್ಟರ್ ಸಂಗ್ರಹ ವ್ಯವಸ್ಥೆ: ನಿಗಾ ತಂತ್ರಾಂಶವನ್ನು ಕೈಯಾರೆ ಅಳವಡಿಸುವ ಕ್ರಮ

ವ್ಯಾಪಾರದ ಕಿರ್ದಿ ಖಾತೆಗಳು ಕೆಂಪು ರಟ್ಟಿನ ಪುಸ್ತಕಗಳಿಂದ ಗಣಕಯಂತ್ರಕ್ಕೆ ಸ್ಥಳಾಂತರಗೊಂಡು ಬಹಳ ವರ್ಷಗಳಾದವು. ಇಳಕಲ್ಲಿನ ಸೀರೆಯ ಸಗಟು ವ್ಯಾಪಾರಿಗಳು, ಗುಳೇದಗುಡ್ಡದ ಖಣ ತಯಾರಕರು, ಗ್ರಾನೈಟ್ ಘಟಕಗಳ ಮಾಲೀಕರು, ಬಾಗಲಕೋಟೆಯ ಅಡತಿ ಅಂಗಡಿಯವರು, ಪತ್ತಿನ ಸಹಕಾರಿ ಸಂಘದವರು, ಎಲ್ಲರ ದಾಖಲೆಗಳೂ ಈಗ ಹಾರ್ಡ್ ಡಿಸ್ಕಿನಲ್ಲಿವೆ. ಬಿಲ್ಲುಗಳ ಪ್ರತಿ, ತೂಕದ ಚೀಟಿ, ಇ-ವೇ ಬಿಲ್, ಸೀರೆಯ ವಿನ್ಯಾಸದ ಚಿತ್ರ, ಸಿಸಿಟಿವಿ ದೃಶ್ಯ ಇತ್ಯಾದಿಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತವೆ. ಒಂದು ಯಂತ್ರದಲ್ಲಿ ಹಿಡಿಸದಾದಾಗ, ಅಥವಾ ಒಂದು ಯಂತ್ರವನ್ನೇ ನಂಬುವುದು ಅಪಾಯವೆನಿಸಿದಾಗ, ಗಣಕಯಂತ್ರ ಪೂರೈಕೆದಾರರು ಸೂಚಿಸುವ ಪರಿಹಾರವೇ ಕ್ಲಸ್ಟರ್ ಸಂಗ್ರಹ ವ್ಯವಸ್ಥೆ.

ಈ ವ್ಯವಸ್ಥೆಗೆ ಹಣ ಹೂಡುವ ಅನೇಕ ಉದ್ಯಮಿಗಳು ಅದರ ಮೇಲೆ ನಿಗಾ ಇಡುವ ತಂತ್ರಾಂಶದ ಬಗ್ಗೆ ವಿಚಾರಿಸುವುದೇ ಇಲ್ಲ. ಹೂಡಿಕೆಯ ಪ್ರಯೋಜನ ಉಳಿಯುವುದು ಆ ನಿಗಾದಿಂದಲೇ. ಅದೇಕೆ ಬೇಕು, ಅದನ್ನು ಹೇಗೆ ಅಳವಡಿಸುತ್ತಾರೆ, ಮಾಲೀಕರು ಯಾವುದನ್ನು ಪರೀಕ್ಷಿಸಿ ನೋಡಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ದಾಖಲೆಗಳ ಬಗ್ಗೆ ಕಾನೂನು ಏನು ಹೇಳುತ್ತದೆ?

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನ ಪ್ರಕಾರ ನೋಂದಾಯಿತ ವ್ಯಾಪಾರಿಯು ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. 2023-24ನೆಯ ಸಾಲಿನ ವಾರ್ಷಿಕ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು. ಆದ್ದರಿಂದ ಆ ಸಾಲಿನ ದಾಖಲೆಗಳು 2030ರ ಡಿಸೆಂಬರ್ 31ರವರೆಗೆ ಇರಲೇಬೇಕು. ಮೇಲ್ಮನವಿ ಇದ್ದಲ್ಲಿ ಅದು ಅಂತಿಮವಾಗಿ ಇತ್ಯರ್ಥವಾದ ಮೇಲೆ ಒಂದು ವರ್ಷ, ಅಥವಾ ಈ 72 ತಿಂಗಳು, ಯಾವುದು ನಂತರ ಮುಗಿಯುವುದೋ ಅದು ಅನ್ವಯಿಸುತ್ತದೆ.

ಇದೇ ಕಾಯ್ದೆಯ ನಿಯಮಾವಳಿಯ 57ನೆಯ ನಿಯಮ ಮತ್ತಷ್ಟು ಸ್ಪಷ್ಟವಾಗಿದೆ. ಅಪಘಾತದಿಂದ ಅಥವಾ ನೈಸರ್ಗಿಕ ಕಾರಣದಿಂದ ವಿದ್ಯುನ್ಮಾನ ದಾಖಲೆಗಳು ನಾಶವಾದರೆ ಯುಕ್ತ ಅವಧಿಯೊಳಗೆ ಅವುಗಳನ್ನು ಮರಳಿ ಪಡೆಯಲು ಸಾಧ್ಯವಾಗುವಂತೆ ಬ್ಯಾಕಪ್ ಇರಬೇಕೆಂದು ಅದು ವಿಧಿಸುತ್ತದೆ. ಕಂಪನಿಗಳಿಗೆ ಇನ್ನೂ ಬಿಗಿಯಾದ ನಿಯಮಗಳಿವೆ. 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನಂತೆ ಎಂಟು ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಯ್ದಿಡಬೇಕು. 2022ರ ಆಗಸ್ಟ್ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರ್ ಒಂದರಲ್ಲಿ ಪ್ರತಿದಿನವೂ ಬ್ಯಾಕಪ್ ಆಗಬೇಕು.

"ಡಿಸ್ಕ್ ಕೆಟ್ಟಿತು" ಎಂಬ ಉತ್ತರದಿಂದ ಈ ಹೊಣೆ ಕಳಚುವುದಿಲ್ಲ.

ಕ್ಲಸ್ಟರ್ ಸಂಗ್ರಹವೆಂದರೇನು?

ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಜಾಲದ ಮೂಲಕ ಜೋಡಿಸಿ, ಬಳಸುವವರಿಗೆ ಒಂದೇ ದೊಡ್ಡ ಕೋಠಿಯಂತೆ ಕಾಣಿಸುವ ವ್ಯವಸ್ಥೆಯಿದು. ಇದರಲ್ಲಿ ನಮ್ಮ ರಾಜ್ಯಕ್ಕೆ ಹತ್ತಿರದ ಹೆಸರೆಂದರೆ ಗ್ಲಸ್ಟರ್ ಎಫ್‌ಎಸ್. ಆನಂದ್ ಬಾಬು ಪೆರಿಯಸ್ವಾಮಿ ಮೊದಲಾದವರು ಕಟ್ಟಿದ ಗ್ಲಸ್ಟರ್ ಸಂಸ್ಥೆಯ ಮುಖ್ಯ ಕಚೇರಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದರೂ, ತಂತ್ರಾಂಶ ರಚನೆಯ ಬಹುಪಾಲು ಕೆಲಸ ನಡೆದದ್ದು ಬೆಂಗಳೂರಿನಲ್ಲಿ. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಸುಮಾರು 13 ಕೋಟಿ 60 ಲಕ್ಷ ಡಾಲರಿಗೆ ಖರೀದಿಸಿತು. ರೆಡ್ ಹ್ಯಾಟ್ ತನ್ನ ಹೆಸರಿನಲ್ಲಿ ಮಾರುತ್ತಿದ್ದ ಗ್ಲಸ್ಟರ್ ಉತ್ಪನ್ನದ ಬೆಂಬಲ 2024ರ ಅಂತ್ಯಕ್ಕೆ ಮುಗಿಯಿತು. ಆದರೆ ಪರವಾನಗಿ ಶುಲ್ಕವಿಲ್ಲದ ಮುಕ್ತ ಆವೃತ್ತಿ ಲಭ್ಯವಿದೆ ಮತ್ತು ಹಿಂದೆ ಅಳವಡಿಸಿದ ಕಡೆಗಳಲ್ಲಿ ಬಳಕೆಯಲ್ಲಿದೆ. ಸೆಫ್ ಮುಂತಾದ ಇತರ ವ್ಯವಸ್ಥೆಗಳಿಗೂ ಇಲ್ಲಿನ ತತ್ವ ಒಂದೇ.

ಗ್ಲಸ್ಟರ್‌ನಲ್ಲಿ ಪ್ರತಿ ಸರ್ವರ್ ಒದಗಿಸುವ ಜಾಗಕ್ಕೆ ಬ್ರಿಕ್ ಎಂದು ಹೆಸರು. ಇಟ್ಟಿಗೆಗಳಿಂದ ಗೋಡೆ ಏಳುವಂತೆ ಬ್ರಿಕ್‌ಗಳಿಂದ ವಾಲ್ಯೂಮ್ ಎಂಬ ಒಟ್ಟು ಸಂಗ್ರಹ ಏರ್ಪಡುತ್ತದೆ. ಮೂರು ಸರ್ವರ್‌ಗಳಲ್ಲಿ ತಲಾ 4 ಟೆರಾಬೈಟ್ ಜಾಗವಿದ್ದು, ಪ್ರತಿ ಕಡತದ ಮೂರು ಪ್ರತಿ ಇಡುವಂತೆ ಏರ್ಪಾಡು ಮಾಡಿದರೆ, 12 ಟೆರಾಬೈಟಿಗೆ ಹಣ ತೆತ್ತರೂ ಬಳಕೆಗೆ ಸಿಗುವುದು 4 ಟೆರಾಬೈಟ್ ಮಾತ್ರ. ಉಳಿದದ್ದು ವಿಮೆಯ ಕಂತಿನಂತೆ.

ಎರಡು ಮಾತುಗಳನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳಿತು. ಒಂದೇ ಅಂಗಡಿಯ ವ್ಯಾಪಾರಿಗೆ ಈ ವ್ಯವಸ್ಥೆಯ ಅಗತ್ಯವಿಲ್ಲ. ಒಂದು ಒಳ್ಳೆಯ ಗಣಕಯಂತ್ರ, ಬೇರೆ ಬೇರೆ ಸ್ಥಳಗಳಲ್ಲಿ ಎರಡು ಬ್ಯಾಕಪ್ ಪ್ರತಿಗಳು ಸಾಕು. ಇನ್ನೊಂದು, ಗ್ಲಸ್ಟರ್‌ನಲ್ಲಿ ಚಾಲ್ತಿಯಲ್ಲಿರುವ ಎಸ್‌ಕ್ಯೂಎಲ್ ದತ್ತಸಂಚಯಗಳನ್ನು ಇಟ್ಟು ನಡೆಸಬಾರದೆಂದು ಅದರ ಕೈಪಿಡಿಯೇ ಹೇಳುತ್ತದೆ. ಸ್ಕ್ಯಾನ್ ಮಾಡಿದ ದಾಖಲೆ, ಚಿತ್ರ, ದೃಶ್ಯ ಹಾಗೂ ದತ್ತಸಂಚಯದ ಬ್ಯಾಕಪ್ ಪ್ರತಿಗಳಿಗೆ ಅದು ತಕ್ಕದ್ದು.

ನಿಗಾ ಏಕೆ ಬೇಕು?

ಸಾಮಾನ್ಯ ಗಣಕಯಂತ್ರ ಕೆಟ್ಟರೆ ಕೆಲಸ ನಿಲ್ಲುತ್ತದೆ. ತೊಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕ್ಲಸ್ಟರ್‌ನಲ್ಲಿ ಹಾಗಲ್ಲ. ಮೂರರಲ್ಲಿ ಒಂದು ಸರ್ವರ್ ನಿಂತುಹೋದರೂ ಉಳಿದೆರಡು ಕೆಲಸ ಮುಂದುವರಿಸುತ್ತವೆ. ಗುಮಾಸ್ತರಿಗೂ ಮಾಲೀಕರಿಗೂ ಯಾವ ವ್ಯತ್ಯಾಸವೂ ತೋರದು. ಅದಕ್ಕಾಗಿಯೇ ಈ ವ್ಯವಸ್ಥೆಯನ್ನು ಕೊಳ್ಳುತ್ತೇವೆ; ಅದರ ಅಪಾಯವೂ ಅದೇ. ಮೊದಲನೆಯ ಕೇಡು ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಉಳಿಯಬಹುದು.

ಸಹಕಾರಿ ಸಂಘದ ಸಭೆಗೆ ಕೋರಂ ಇರುವಂತೆ ಇಲ್ಲಿಯೂ ಕೋರಂ ಇದೆ. ಮೂರು ಪ್ರತಿಗಳ ವಾಲ್ಯೂಮಿನಲ್ಲಿ ಎರಡಾದರೂ ಹಾಜರಿರಬೇಕು. ಎರಡನೆಯ ಸರ್ವರ್ ಕೆಟ್ಟ ಕ್ಷಣ ಬರೆಯುವ ಕೆಲಸ ನಿಂತುಬಿಡುತ್ತದೆ. ಅದು ತಿಂಗಳ 20ನೆಯ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸುವ ದಿನವಾಗಿದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಮೊದಲ ಕೇಡಿನ ದಿನವೇ ಸುದ್ದಿ ತಿಳಿದಿದ್ದರೆ ಒಂದು ಡಿಸ್ಕಿನ ಬೆಲೆಯಲ್ಲಿ ಮುಗಿಯುತ್ತಿದ್ದ ಬಾಬತ್ತು ಅದು.

ಡಿಸ್ಕ್ ಬದಲಿಸಿದೊಡನೆ ಭಯ ಮುಗಿಯುವುದೂ ಇಲ್ಲ. ಹೊಸ ಡಿಸ್ಕಿಗೆ 3 ಟೆರಾಬೈಟ್ ದತ್ತಾಂಶ ಮರಳಿ ತುಂಬಬೇಕು. ಸೆಕೆಂಡಿಗೆ 100 ಮೆಗಾಬೈಟ್ ಎಂದು ಹಿಡಿದರೂ 30,000 ಸೆಕೆಂಡು, ಅಂದರೆ 8 ಗಂಟೆ 20 ನಿಮಿಷ ಬೇಕು. ಚಿಕ್ಕ ಚಿಕ್ಕ ಕಡತಗಳೇ ಹೆಚ್ಚಿದ್ದರೆ ಇನ್ನೂ ಅಧಿಕ. ಈ ಮರುಪೂರಣಕ್ಕೆ ಹೀಲಿಂಗ್ ಎನ್ನುತ್ತಾರೆ. ಅದು ಮುಗಿಯುವವರೆಗೆ ನಮ್ಮ ಬಳಿ ಪೂರ್ಣವಾಗಿರುವುದು ಎರಡೇ ಪ್ರತಿ.

ವೇಗದ ವಿಷಯದಲ್ಲೂ ಅಳತೆ ಇಲ್ಲದೆ ನಿರ್ಧಾರ ಕೈಗೊಳ್ಳಬಾರದು. ಗ್ಲಸ್ಟರ್‌ನಲ್ಲಿ ಸಾಮಾನ್ಯವಾಗಿ ಕಡತವನ್ನು ಬರೆಯುವ ಯಂತ್ರವೇ ಮೂರೂ ಸರ್ವರ್‌ಗಳಿಗೆ ಪ್ರತಿ ಕಳಿಸುತ್ತದೆ. ಒಂದು ಗಿಗಾಬಿಟ್ ಜಾಲದ ಗರಿಷ್ಠ ವೇಗ ಸೆಕೆಂಡಿಗೆ 125 ಮೆಗಾಬೈಟ್. ಅದು ಮೂರು ಪಾಲಾದರೆ ಸುಮಾರು 41 ಮೆಗಾಬೈಟ್ ಮಾತ್ರ. "ಸಿಸ್ಟಮ್ ನಿಧಾನವಾಗಿದೆ, ವೇಗದ ಡಿಸ್ಕ್ ಕೊಳ್ಳಿ" ಎಂಬ ಸಲಹೆಯಂತೆ ಲಕ್ಷಾಂತರ ರೂಪಾಯಿ ಸುರಿದರೂ ಈ ಮಿತಿ ಬದಲಾಗದು, ಬದಲಿಸಬೇಕಾದದ್ದು ಜಾಲವನ್ನು. ಇದನ್ನು ತೋರಿಸಿಕೊಡುವುದೇ ಅಳತೆಯ ತಂತ್ರಾಂಶ.

ಕೈಯಾರೆ ಅಳವಡಿಸುವುದು ಏಕೆ?

ರೆಡ್ ಹ್ಯಾಟ್ ಉತ್ಪನ್ನದೊಂದಿಗೆ ಮೊದಲು ನಾಗಿಯೋಸ್, ಬಳಿಕ ಟೆಂಡ್ರಲ್ ಆಧಾರಿತ ನಿಗಾ ಪರದೆ ಸಿದ್ಧವಾಗಿ ಬರುತ್ತಿದ್ದವು. ಮುಕ್ತ ಆವೃತ್ತಿಯನ್ನು ಬಳಸುವವರು ನಿಗಾ ತಂತ್ರಾಂಶವನ್ನು ತಾವೇ ಜೋಡಿಸಿಕೊಳ್ಳಬೇಕು. ಅದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಪ್ರೊಮೀಥಿಯಸ್. 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ಆರಂಭವಾದ ಈ ತಂತ್ರಾಂಶಕ್ಕೂ ಪರವಾನಗಿ ಶುಲ್ಕವಿಲ್ಲ. ಅದರ ಕಾರ್ಯವಿಧಾನ ಸರಳ. ಪ್ರತಿ ಸರ್ವರ್‌ನಲ್ಲಿ ನೋಡ್ ಎಕ್ಸ್‌ಪೋರ್ಟರ್ ಎಂಬ ಪುಟ್ಟ ತಂತ್ರಾಂಶ ಅಂಕಿಗಳನ್ನು ಸಿದ್ಧವಾಗಿಡುತ್ತದೆ. ಪ್ರೊಮೀಥಿಯಸ್ ನಿಗದಿತ ಅವಧಿಗೊಮ್ಮೆ ಅಲ್ಲಿಗೆ ಹೋಗಿ ಅವನ್ನು ಬರೆದುಕೊಂಡು ಬರುತ್ತದೆ. ಗ್ರಾಫಾನಾ ಆ ಅಂಕಿಗಳನ್ನು ನಕ್ಷೆಯಾಗಿ ತೋರಿಸುತ್ತದೆ. ಅಲರ್ಟ್‌ಮ್ಯಾನೇಜರ್ ಎಚ್ಚರಿಕೆಯ ಇ-ಮೇಲ್ ಕಳಿಸುತ್ತದೆ.

ಅಳವಡಿಸುವ ಹಂತಗಳು

1. ಪ್ರತ್ಯೇಕ ಯಂತ್ರ. ಪ್ರೊಮೀಥಿಯಸ್ ಅನ್ನು ಕ್ಲಸ್ಟರಿನ ಸರ್ವರ್‌ನಲ್ಲಿಯೇ ಹಾಕಬಾರದು. ಬೇರೆ ಯುಪಿಎಸ್‌ಗೆ ಜೋಡಿಸಿದ ಬೇರೆ ಯಂತ್ರವಿರಲಿ; ಅದರ ದತ್ತಾಂಶವೂ ಆ ಯಂತ್ರದ ಸ್ವಂತ ಡಿಸ್ಕಿನಲ್ಲಿರಲಿ. ಗುದಾಮಿನ ಕಾವಲುಗಾರ ಗುದಾಮಿನೊಳಗೇ ಬೀಗ ಹಾಕಿಕೊಂಡು ಕುಳಿತರೆ ಬೆಂಕಿ ಬಿದ್ದಾಗ ಸುದ್ದಿ ತಿಳಿಸುವವರಾರು?

2. ಗಡಿಯಾರ. ಎಲ್ಲ ಯಂತ್ರಗಳ ಸಮಯ ಒಂದೇ ಆಗಿರಬೇಕು. ಇಲ್ಲವಾದರೆ ಯಾವ ಘಟನೆ ಮೊದಲು ನಡೆಯಿತೆಂಬುದು ತಿಳಿಯದು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ಯಂತ್ರಗಳ ಸಮಯವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಅಥವಾ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗಳಿಗೆ ಸರಿಹೊಂದಿಸಬೇಕು ಮತ್ತು ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು.

3. ತಂತ್ರಾಂಶದ ಪ್ರತಿ. ಪ್ರೊಮೀಥಿಯಸ್ ಹಾಗೂ ನೋಡ್ ಎಕ್ಸ್‌ಪೋರ್ಟರ್‌ಗಳನ್ನು ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ತಾಣದಲ್ಲಿ ಪ್ರಕಟಿಸಿರುವ ಎಸ್‌ಎಚ್‌ಎ-256 ತಾಳೆ ಸಂಖ್ಯೆಯನ್ನು ಇಳಿಸಿಕೊಂಡ ಕಡತದ ಸಂಖ್ಯೆಯೊಂದಿಗೆ ಹೋಲಿಸಿ ನೋಡಬೇಕು. ಬ್ಯಾಂಕ್ ತಾಳೆಪಟ್ಟಿಯಂತೆ ಇದು. ಒಂದು ಅಂಕಿ ತಪ್ಪಿದರೂ ಆ ಪ್ರತಿಯನ್ನು ಬಳಸಬಾರದು.

4. ಸೀಮಿತ ಅಧಿಕಾರ. ನೋಡ್ ಎಕ್ಸ್‌ಪೋರ್ಟರ್‌ಗಾಗಿ ಪ್ರತ್ಯೇಕ ಬಳಕೆದಾರ ಖಾತೆ ತೆರೆಯಬೇಕು. ಅದಕ್ಕೆ ಲಾಗಿನ್ ಸೌಲಭ್ಯವಿರಕೂಡದು, ರೂಟ್ ಅಧಿಕಾರವೂ ಇರಕೂಡದು. ಸರ್ವರ್ ಮತ್ತೆ ಚಾಲೂ ಆದಾಗ ತಾನಾಗಿಯೇ ಆರಂಭವಾಗುವಂತೆ ಸಿಸ್ಟಮ್‌ಡಿಯಲ್ಲಿ ಸೇವೆಯಾಗಿ ನೋಂದಾಯಿಸಬೇಕು. ನೋಂದಣಿ ತಪ್ಪಿದರೆ ಮೊದಲ ವಿದ್ಯುತ್ ಕಡಿತದೊಂದಿಗೆ ನಿಗಾವೂ ಮುಗಿದಂತೆ.

5. ಬಾಗಿಲು. ನೋಡ್ ಎಕ್ಸ್‌ಪೋರ್ಟರ್ 9100 ಸಂಖ್ಯೆಯ ಪೋರ್ಟಿನಲ್ಲಿ ಅಂಕಿಗಳನ್ನು ಒದಗಿಸುತ್ತದೆ. ಅಳವಡಿಸಿದ ಸ್ಥಿತಿಯಲ್ಲಿ ಅದಕ್ಕೆ ಗುಪ್ತಪದವಿರುವುದಿಲ್ಲ. ಆದ್ದರಿಂದ ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ನಿಗಾ ಯಂತ್ರದ ವಿಳಾಸವೊಂದಕ್ಕೆ ಮಾತ್ರ ತೆರೆಯಬೇಕು. ಅಂತರ್ಜಾಲಕ್ಕೆ ಎಂದಿಗೂ ತೆರೆಯಬಾರದು.

6. ಪ್ರೊಮೀಥಿಯಸ್‌ಗೆ ಪಟ್ಟಿ. ನಿಗಾ ಯಂತ್ರದಲ್ಲಿ ಪ್ರೊಮೀಥಿಯಸ್‌ನ ಸಂರಚನಾ ಕಡತಕ್ಕೆ ಮೂರೂ ಸರ್ವರ್‌ಗಳ ವಿಳಾಸ ಸೇರಿಸಿ, ಪ್ರಾಮ್‌ಟೂಲ್ ಎಂಬ ಸಾಧನದಿಂದ ಕಡತವನ್ನು ಪರೀಕ್ಷಿಸಿದ ಮೇಲೆಯೇ ಚಾಲೂ ಮಾಡಬೇಕು. ಬಳಿಕ 9090 ಪೋರ್ಟಿನ ಪರದೆಯಲ್ಲಿ ಟಾರ್ಗೆಟ್ಸ್ ಪುಟ ತೆರೆದರೆ ಮೂರೂ ಸರ್ವರ್‌ಗಳ ಮುಂದೆ "ಅಪ್" ಎಂದಿರಬೇಕು.

7. ದಾಖಲೆಯ ಅವಧಿ. ಏನೂ ಹೇಳದಿದ್ದರೆ ಪ್ರೊಮೀಥಿಯಸ್ 15 ದಿನಗಳ ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಈ ದೀಪಾವಳಿಯ ಒತ್ತಡವನ್ನು ಹಿಂದಿನ ದೀಪಾವಳಿಯೊಂದಿಗೆ ಹೋಲಿಸಲು 400 ದಿನ ಬೇಕು. ಜಾಗದ ಚಿಂತೆ ಬೇಡ. ಮೂರು ಸರ್ವರ್‌ಗಳಿಂದ ತಲಾ ಸಾವಿರ ಅಂಕಿಗಳನ್ನು ನಿಮಿಷಕ್ಕೊಮ್ಮೆ ತಂದರೆ ದಿನಕ್ಕೆ 43 ಲಕ್ಷ 20 ಸಾವಿರ ಅಂಕಿಗಳಾಗುತ್ತವೆ. ಅಂಕಿಯೊಂದಕ್ಕೆ 2 ಬೈಟ್ ಹಿಡಿದರೆ 400 ದಿನಕ್ಕೆ ಸುಮಾರು ಮೂರೂವರೆ ಗಿಗಾಬೈಟ್ ಮಾತ್ರ.

8. ಹೀಲಿಂಗ್ ಬಾಕಿ. ನೋಡ್ ಎಕ್ಸ್‌ಪೋರ್ಟರ್ ಡಿಸ್ಕ್, ಜಾಲ, ಮೆಮೊರಿಗಳ ಅಂಕಿ ಕೊಡುತ್ತದೆ. ಗ್ಲಸ್ಟರಿನ ಒಳ ಸ್ಥಿತಿಯನ್ನು ಅರಿಯದು. ಎಷ್ಟು ಕಡತಗಳ ಪ್ರತಿ ಇನ್ನೂ ಸರಿಹೊಂದಿಲ್ಲ ಎಂಬುದನ್ನು ಗ್ಲಸ್ಟರಿನ ಹೀಲ್ ಇನ್ಫೋ ಆದೇಶ ತಿಳಿಸುತ್ತದೆ. ಐದೈದು ನಿಮಿಷಕ್ಕೆ ಆ ಆದೇಶ ನಡೆಸಿ, ಬಂದ ಸಂಖ್ಯೆಯನ್ನು ಕಡತವೊಂದರಲ್ಲಿ ಬರೆಯುವ ಸಣ್ಣ ಸ್ಕ್ರಿಪ್ಟ್ ಬೇಕು. ನೋಡ್ ಎಕ್ಸ್‌ಪೋರ್ಟರಿನ ಟೆಕ್ಸ್ಟ್‌ಫೈಲ್ ಸೌಲಭ್ಯ ಆ ಕಡತವನ್ನು ಓದಿ ಪ್ರೊಮೀಥಿಯಸ್‌ಗೆ ತಲುಪಿಸುತ್ತದೆ.

ಈ ಎಂಟನೆಯ ಹಂತದಲ್ಲಿ ಒಂದು ಸೂಕ್ಷ್ಮವಿದೆ. ಆದೇಶವೇ ವಿಫಲವಾದಾಗ ಸ್ಕ್ರಿಪ್ಟ್ ಸೊನ್ನೆ ಬರೆದುಬಿಟ್ಟರೆ, ಬಾಕಿಯಿಲ್ಲ ಎಂದೇ ಪರದೆ ತೋರಿಸುತ್ತದೆ. ನಿಲ್ ರಿಟರ್ನ್ ಸಲ್ಲಿಸಿದವನಿಗೂ ರಿಟರ್ನ್ ಸಲ್ಲಿಸದೇ ಇದ್ದವನಿಗೂ ಇರುವ ವ್ಯತ್ಯಾಸ ನಮ್ಮ ಓದುಗರಿಗೆ ಹೊಸದಲ್ಲ. ಆದ್ದರಿಂದ ಆದೇಶ ವಿಫಲವಾದರೆ ಸ್ಕ್ರಿಪ್ಟ್ ಏನನ್ನೂ ಬರೆಯದೆ ಹಳೆಯ ಕಡತವನ್ನು ಹಾಗೆಯೇ ಬಿಡಬೇಕು. ಕಡತವನ್ನು ಕೊನೆಗೆ ಬರೆದ ಸಮಯವನ್ನು ನೋಡ್ ಎಕ್ಸ್‌ಪೋರ್ಟರ್ ತಾನೇ ತಿಳಿಸುತ್ತದೆ. ಅದು ಅರ್ಧ ಗಂಟೆಗಿಂತ ಹಳೆಯದಾದರೆ ಪ್ರತ್ಯೇಕ ಎಚ್ಚರಿಕೆ ಬರಬೇಕು.

9. ಎಚ್ಚರಿಕೆಗಳು. ಮೊದಲಿಗೆ ನಾಲ್ಕು ಸಾಕು: ಸರ್ವರ್ ಐದು ನಿಮಿಷ ಉತ್ತರ ಕೊಡದಿದ್ದರೆ, ಬ್ರಿಕ್ ಶೇಕಡಾ 80 ತುಂಬಿದರೆ, ಹೀಲಿಂಗ್ ಬಾಕಿ ಒಂದು ಗಂಟೆಯಾದರೂ ಸೊನ್ನೆಗೆ ಇಳಿಯದಿದ್ದರೆ, ಬಾಕಿಯ ಕಡತ ಹಳೆಯದಾದರೆ. ಎಚ್ಚರಿಕೆಗಳು ಅತಿಯಾದರೆ ಯಾರೂ ಓದುವುದಿಲ್ಲ. ಇವುಗಳ ಜೊತೆಗೆ, ಎಲ್ಲವೂ ಸರಿಯಿದ್ದಾಗಲೂ ದಿನಕ್ಕೊಮ್ಮೆ ಬರುವ ಒಂದು ಖಾಯಂ ಸಂದೇಶವಿರಲಿ. ಅದು ಬಾರದ ದಿನ ಕಾವಲುಗಾರನೇ ಮಲಗಿದ್ದಾನೆಂದು ತಿಳಿಯಬಹುದು.

10. ಪರೀಕ್ಷೆ. ರಜಾ ದಿನವೊಂದರಲ್ಲಿ, ಬ್ಯಾಕಪ್ ಆಗಿರುವುದನ್ನೂ ಹೀಲಿಂಗ್ ಬಾಕಿ ಸೊನ್ನೆಯಿರುವುದನ್ನೂ ಖಚಿತಪಡಿಸಿಕೊಂಡು, ಮಾಲೀಕರ ಎದುರಿಗೇ ಒಂದು ಸರ್ವರನ್ನು ಕ್ರಮವಾಗಿ ಬಂದ್ ಮಾಡಿಸಬೇಕು. ಎಚ್ಚರಿಕೆ ಎಷ್ಟು ನಿಮಿಷದಲ್ಲಿ ಬಂತು, ಯಾರಿಗೆ ತಲುಪಿತು, ಮರಳಿ ಚಾಲೂ ಮಾಡಿದ ಮೇಲೆ ಬಾಕಿ ಸೊನ್ನೆಯಾಗಲು ಎಷ್ಟು ಹೊತ್ತಾಯಿತು, ಇವನ್ನು ಬರೆದಿಡಬೇಕು. ಈ ಪರೀಕ್ಷೆಯ ಮುನ್ನ ಪೂರೈಕೆದಾರರ ಅಂತಿಮ ಬಿಲ್ಲು ಪಾವತಿ ಮಾಡದಿರುವುದು ಲೇಸು.

ನಿಧಾನದ ಕಾರಣ ಹುಡುಕುವುದು

ಎಲ್ಲ ಸರ್ವರ್‌ಗಳು ಸರಿಯಿದ್ದೂ ಕೆಲಸ ನಿಧಾನವಾದರೆ ಗ್ಲಸ್ಟರಿನಲ್ಲಿಯೇ ಇರುವ ವಾಲ್ಯೂಮ್ ಪ್ರೊಫೈಲ್ ಸೌಲಭ್ಯವನ್ನು ಬಳಸಬಹುದು. ಅದನ್ನು ಆರಂಭಿಸಿ, ದಟ್ಟಣೆಯ ಹೊತ್ತಿನಲ್ಲಿ ವರದಿ ತೆಗೆದರೆ, ಓದುವುದು, ಬರೆಯುವುದು, ಕಡತ ಹುಡುಕುವುದು ಮುಂತಾದ ಪ್ರತಿ ಕ್ರಿಯೆ ಎಷ್ಟು ಸಲ ನಡೆಯಿತು, ಸರಾಸರಿ, ಕನಿಷ್ಠ ಮತ್ತು ಗರಿಷ್ಠ ವಿಳಂಬವೆಷ್ಟು ಎಂಬುದು ಬ್ರಿಕ್‌ವಾರು ಸಿಗುತ್ತದೆ. ಮೂರರಲ್ಲಿ ಒಂದು ಬ್ರಿಕ್ಕಿನ ವಿಳಂಬ ಮಾತ್ರ ಹೆಚ್ಚಿದ್ದರೆ ಆ ಸರ್ವರಿನ ಡಿಸ್ಕನ್ನು ಸಂಶಯಿಸಬೇಕು. ಬರೆಯುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಸಮಯ ವ್ಯಯವಾಗುತ್ತಿದ್ದರೆ, ಸ್ಕ್ಯಾನ್ ಮಾಡಿದ ಬಿಲ್ಲುಗಳಂಥ ಲಕ್ಷಾಂತರ ಸಣ್ಣ ಕಡತಗಳು ಒಂದೇ ಫೋಲ್ಡರಿನಲ್ಲಿ ತುಂಬಿರುವ ಸಂಭವವುಂಟು. ವರ್ಷವಾರು, ತಿಂಗಳವಾರು ವಿಂಗಡಿಸಿ ನೋಡಬೇಕು. ಹಣ ಖರ್ಚಿಲ್ಲದ ಪರಿಹಾರವಿದು. ಕೆಲಸ ಮುಗಿದೊಡನೆ ಪ್ರೊಫೈಲ್ ನಿಲ್ಲಿಸಬೇಕು. ಅಳೆಯುವ ಕ್ರಿಯೆಯೂ ಸ್ವಲ್ಪ ಭಾರ ಹೊರಿಸುತ್ತದೆ.

ನಿಗಾ ಬೇರೆ, ಬ್ಯಾಕಪ್ ಬೇರೆ

ಮೂರು ಪ್ರತಿಗಳಿವೆ, ಅವುಗಳ ಮೇಲೆ ನಿಗಾವೂ ಇದೆ ಎಂದ ಮಾತ್ರಕ್ಕೆ ಬ್ಯಾಕಪ್ ಬೇಡವೆಂದಲ್ಲ. ಕೈತಪ್ಪಿ ಅಳಿಸಿದ ಕಡತ ಮೂರೂ ಕಡೆ ಅಳಿಯುತ್ತದೆ. ವೈರಸ್ ತಗುಲಿದರೆ ಮೂರೂ ಪ್ರತಿ ಕೆಡುತ್ತವೆ. ಮೂರೂ ಸರ್ವರ್ ಒಂದೇ ಕೋಣೆಯಲ್ಲಿದ್ದರಂತೂ ಒಂದೇ ಬೆಂಕಿ, ಒಂದೇ ಪ್ರವಾಹ ಸಾಕು. 2009ರ ಅಕ್ಟೋಬರ್ ಹಾಗೂ 2019ರ ಆಗಸ್ಟ್ ತಿಂಗಳ ನೆರೆಗಳನ್ನು ನಮ್ಮ ಜಿಲ್ಲೆ ಮರೆತಿಲ್ಲ. ಶಿವಯೋಗ ಮಂದಿರ, ಪಟ್ಟದಕಲ್ಲು, ಐಹೊಳೆಗಳು ಸಾಲಾಗಿರುವ ಮಲಪ್ರಭೆಯ ದಂಡೆಯಲ್ಲಿ ವ್ಯವಹಾರ ಮಾಡುವವರು ಒಂದು ಪ್ರತಿಯನ್ನು ನದಿಯಿಂದ ದೂರದ ಎತ್ತರದ ಊರಿನಲ್ಲಿ ಇಡುವುದು ಅಗತ್ಯ. 57ನೆಯ ನಿಯಮ ಕೇಳುವ "ನೈಸರ್ಗಿಕ ಕಾರಣ"ದ ಪ್ರಶ್ನೆಗೆ ಉತ್ತರ ಆ ದೂರದ ಪ್ರತಿಯೇ.

ಮಾಲೀಕರು ಪಡೆಯಬೇಕಾದ ಕಾಗದಗಳು

ತಂತ್ರಾಂಶಕ್ಕೆ ಶುಲ್ಕವಿಲ್ಲದಿದ್ದರೂ ಅಳವಡಿಸುವವರ ದುಡಿಮೆಗೆ ವೆಚ್ಚವಿದೆ. ಕೆಲಸದ ಆದೇಶದಲ್ಲಿ ಈ ಅಂಶಗಳನ್ನು ಲಿಖಿತವಾಗಿ ಸೇರಿಸಬೇಕು: ಅಳವಡಿಸಿದ ಪ್ರತಿ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಸಂರಚನಾ ಕಡತಗಳ ಪ್ರತಿ, ಗುಪ್ತಪದಗಳ ಮೊಹರು ಮಾಡಿದ ಲಕೋಟೆ, ಎಚ್ಚರಿಕೆ ಬಂದಾಗ ಯಾರು, ಎಷ್ಟು ಗಂಟೆಯೊಳಗೆ ಬರಬೇಕೆಂಬ ವಿವರ, ಹತ್ತನೆಯ ಹಂತದ ಪರೀಕ್ಷಾ ವರದಿ. ಎಚ್ಚರಿಕೆಯ ಇ-ಮೇಲ್ ಪೂರೈಕೆದಾರರಿಗಷ್ಟೇ ಹೋಗುವಂತಿರಬಾರದು. ಸಂಸ್ಥೆಯೊಳಗಿನ ಜವಾಬ್ದಾರಿಯುತ ನೌಕರರೊಬ್ಬರಿಗೂ ಮಾಲೀಕರಿಗೂ ಬರಬೇಕು.

ತಿಂಗಳಿಗೊಮ್ಮೆ, ರೋಕಡ ಶಿಲ್ಕು ತಾಳೆ ನೋಡುವ ದಿನವೇ, ಮೂರು ಅಂಕಿಗಳನ್ನು ರಿಜಿಸ್ಟರಿನಲ್ಲಿ ಬರೆದಿಟ್ಟರೆ ಸಾಕು: ತುಂಬಿರುವ ಜಾಗದ ಶೇಕಡಾವಾರು, ಹೀಲಿಂಗ್ ಬಾಕಿ, ದೂರದ ಬ್ಯಾಕಪ್ಪಿನಿಂದ ಮರಳಿ ತೆರೆದು ನೋಡಿದ ಒಂದು ಕಡತದ ಹೆಸರು. ಐದು ನಿಮಿಷಗಳ ಈ ಕೆಲಸವನ್ನು ತಪ್ಪದೆ ಮಾಡುವ ಸಂಸ್ಥೆಯು 72 ತಿಂಗಳ ಹಿಂದಿನ ಬಿಲ್ಲನ್ನು ಅಧಿಕಾರಿಗಳು ಕೇಳಿದ ದಿನ ನಿಶ್ಚಿಂತೆಯಿಂದ ಹಾಜರುಪಡಿಸಬಲ್ಲದು.